ಪಿಎಂಪಿ ಪರೀಕ್ಷೆಗೆ ಕನ್ನಡದಲ್ಲಿ ‘ತಪ್ಪು ಪುಸ್ತಕ’: ನನ್ನ ಅನುಭವ

ಪ್ರಾಜೆಕ್ಟ್ ಮ್ಯಾನೇಜರ್‌ಗಳಿಗೆ ಪಿಎಂಐ ಸಂಸ್ಥೆ ನಡೆಸುವ ಪಿಎಂಪಿ ಪರೀಕ್ಷೆ ಇಂಗ್ಲಿಷಿನಲ್ಲಿ, ನೋಟ್ಸ್ ಕನ್ನಡದಲ್ಲಿ, ಇದು ಆಗೋ ಮಾತಲ್ಲ ಎಂದವರು ದಾವಣಗೆರೆಯಲ್ಲೂ ಇದ್ದರು, ಬೆಂಗಳೂರಿನಲ್ಲೂ ಇದ್ದರು. ಎರಡನೇ ಪ್ರಯತ್ನದಲ್ಲಿ ಮೂರೂ ಡೊಮೇನ್‌ಗಳಲ್ಲಿ (ವಿಭಾಗಗಳಲ್ಲಿ) ‘ಅಬೋವ್ ಟಾರ್ಗೆಟ್’, ಅಂದರೆ ಎಲ್ಲಕ್ಕಿಂತ ಮೇಲಿನ ದರ್ಜೆ ಬಂತು. ಅದೂ ಕಾಮಗಾರಿ ಸೈಟಿನ ಕೆಲಸ ಬಿಡದೆ, ಒಂದು ದಿನವೂ ಹೆಚ್ಚಿಗೆ ರಜೆ ಹಾಕದೆ. ಈಗ ಆ ನೋಟ್ಸ್, ಅಂದರೆ ನನ್ನ ತಪ್ಪುಗಳನ್ನು ಬರೆದಿಟ್ಟ ‘ತಪ್ಪು ಪುಸ್ತಕ’ದ ಬಗ್ಗೆ ಕೇಳುವವರು ಹೆಚ್ಚಾಗಿದ್ದಾರೆ, ಅದಕ್ಕೇ ಬರೆಯುತ್ತಿದ್ದೇನೆ. ಸ್ಪ್ರಿಂಟ್ ಎಂದರೇನು, ಡಬ್ಲ್ಯೂಬಿಎಸ್ ಎಂದರೇನು ಎಂದು ಇಲ್ಲಿ ಹೇಳುವುದಿಲ್ಲ. ಅರ್ಜಿಗೆ ಬೇಕಾದ 35 ಗಂಟೆಯ ತರಬೇತಿ ಮುಗಿಸಿ, ಮುಂದೆ ಹೇಗೆ ಎಂದು ಕೂತಿರುವವರಿಗೆ ಇದು.

ಮೊದಲು ದುಡ್ಡಿನ ಲೆಕ್ಕ. ವಾರಾಂತ್ಯದ ಲೈವ್ ತರಗತಿಗೆ 28 ಸಾವಿರ. ಪಿಎಂಐ ಸದಸ್ಯತ್ವ, ಪರೀಕ್ಷಾ ಶುಲ್ಕ ಎರಡೂ ಸೇರಿ 45 ಸಾವಿರದ ಆಸುಪಾಸು. ಫೇಲಾದ ಮೇಲೆ ಮರುಪರೀಕ್ಷೆಗೆ 23 ಸಾವಿರ. ಅಗ್ಗದ ಎರಡು ಪ್ರಶ್ನೆ ಬ್ಯಾಂಕ್‌ಗಳಿಗೆ 5 ಸಾವಿರ, ಪಿಎಂಐನದೇ ಆನ್‌ಲೈನ್ ಅಭ್ಯಾಸ ತಾಣ ಸ್ಟಡಿ ಹಾಲ್‌ಗೆ 4 ಸಾವಿರ, ಬೆಂಗಳೂರಿಗೆ ಎರಡು ಸಲ ಹೋಗಿಬಂದು ಉಳಿದದ್ದಕ್ಕೆ 6 ಸಾವಿರ. ಒಂದು ಲಕ್ಷ ದಾಟಿತು. ಅದರಲ್ಲಿ ಅರ್ಧ ಖರ್ಚು ಬೇಕಾಗಿಯೇ ಇರಲಿಲ್ಲ. 35 ಗಂಟೆಗೆ ಲೈವ್ ತರಗತಿಯೇ ಆಗಬೇಕೆಂದಿಲ್ಲ. ಕೊನೆಯಲ್ಲಿ ಮೌಲ್ಯಮಾಪನ ಇರುವ ರೆಕಾರ್ಡ್ ಮಾಡಿದ ಕೋರ್ಸೂ ನಡೆಯುತ್ತದೆ, ಎರಡು ಮೂರು ಸಾವಿರದೊಳಗೆ ಸಿಗುತ್ತದೆ. ನಾವೇ ಮನೆಯಲ್ಲಿ ಪುಸ್ತಕ ಓದಿದ ಗಂಟೆಗಳು ಮಾತ್ರ ಲೆಕ್ಕಕ್ಕೆ ಬರುವುದಿಲ್ಲ. ಸದಸ್ಯತ್ವ ಮಾತ್ರ ಬಿಡಬೇಡಿ. ಶುಲ್ಕದಲ್ಲಿ ರಿಯಾಯಿತಿ ಸಿಗುತ್ತದೆ, ಪಿಎಂಐನ ಮಾರ್ಗದರ್ಶಿ ಪುಸ್ತಕ ಪಿಎಂಬಿಒಕೆಯ ಪಿಡಿಎಫ್ ಉಚಿತ, ಮರುಪರೀಕ್ಷೆಯ ದರವೂ ಕಡಿಮೆ. ದಿನಾಂಕ ಬದಲಿಸುವುದಿದ್ದರೆ 30 ದಿನ ಮೊದಲೇ ಬದಲಿಸಿ. ಅದರೊಳಗೆ ಬಂದರೆ 70 ಡಾಲರ್ ದಂಡ, ಕೊನೆಯ 48 ಗಂಟೆಯೊಳಗೆ ಬಂದರೆ ಪೂರ್ತಿ ಶುಲ್ಕವೇ ಹೋಯಿತು.

ಮೊದಲ ಸಲ ಸೋತದ್ದಕ್ಕೆ ಕಾರಣ ಎರಡು. ಒಂದು, ಪಿಎಂಬಿಒಕೆ ಆರನೇ ಆವೃತ್ತಿಯ 49 ಪ್ರಕ್ರಿಯೆಗಳ ಇನ್‌ಪುಟ್, ಔಟ್‌ಪುಟ್‌ಗಳನ್ನು ಬಾಯಿಪಾಠ ಮಾಡಲು ಆರು ವಾರ ಸುರಿದೆ. ನೇರವಾಗಿ ಅದನ್ನು ಕೇಳಿದ ಪ್ರಶ್ನೆ ನನ್ನ ಪತ್ರಿಕೆಯಲ್ಲಿ ಒಂದೂ ಇದ್ದ ನೆನಪಿಲ್ಲ. ಈಗಿನ ಪ್ರಶ್ನೆಗಳಲ್ಲಿ ಹೆಚ್ಚಿನವು ಸನ್ನಿವೇಶದವು: ನಾಲ್ಕು ಸಾಲು ಕಥೆ ಹೇಳಿ, ‘ಮ್ಯಾನೇಜರ್ ಈಗ ಏನು ಮಾಡಬೇಕು’ ಎನ್ನುತ್ತವೆ. ನಾನು ಬರೆದಾಗ ಸುಮಾರು ಅರ್ಧ ಭಾಗ ಅಜೈಲ್ (ಕೆಲಸವನ್ನು ಸಣ್ಣ ಸಣ್ಣ ಸುತ್ತುಗಳಲ್ಲಿ ಮಾಡುವ ರೀತಿ) ಮತ್ತು ಹೈಬ್ರಿಡ್ (ಅದಕ್ಕೆ ಹಳೆಯ ರೀತಿ ಬೆರೆಸಿದ್ದು). ಎರಡು, ಅಗ್ಗದ ಪ್ರಶ್ನೆ ಬ್ಯಾಂಕ್‌ಗಳಲ್ಲಿ ನೂರಕ್ಕೆ 82 ಬರುತ್ತಿತ್ತು, ಅದನ್ನೇ ನಂಬಿದೆ. ಅವು ವ್ಯಾಖ್ಯೆ ಕೇಳುವ ಪ್ರಶ್ನೆಗಳು. ಆಮೇಲೆ ಸ್ಟಡಿ ಹಾಲ್‌ನ ಮೊದಲ ಪೂರ್ಣ ಪರೀಕ್ಷೆಯಲ್ಲಿ ಬಂದದ್ದು 58. ನನ್ನ ನಿಜವಾದ ಮಟ್ಟ ಅದು.

ತಪ್ಪು ಪುಸ್ತಕ ಶುರುವಾದದ್ದು ಆ 58ರಿಂದ. 200 ಪುಟದ ಉದ್ದ ನೋಟ್‌ಬುಕ್, ಎದುರುಬದುರು ಎರಡು ಪುಟ ಸೇರಿಸಿ ನಾಲ್ಕು ಅಂಕಣ. ತಪ್ಪಾದ ಪ್ರಶ್ನೆ ಮಾತ್ರವಲ್ಲ, ಊಹೆ ಮಾಡಿ ಸರಿಯಾದದ್ದೂ ಇದರಲ್ಲಿ ಬರಬೇಕು. ಮೊದಲ ಅಂಕಣ ‘ಆಗಿದ್ದು’: ಕಥೆಯಲ್ಲಿ ಈಗಾಗಲೇ ಏನು ಮುಗಿದಿದೆ. ಎರಡನೆಯದು ‘ಕೇಳಿದ್ದು’. ಮೂರನೆಯದರಲ್ಲಿ ನಾಲ್ಕೂ ಆಯ್ಕೆಗಳು, ಒಂದೊಂದಕ್ಕೆ ಒಂದೇ ಕನ್ನಡ ಕ್ರಿಯಾಪದ. ನಾಲ್ಕನೆಯದು ತಪ್ಪಿನ ಜಾತಿ. ಪ್ರಶ್ನೆಯನ್ನು ನಕಲು ಮಾಡಬಾರದು, ಒಂದು ಪ್ರಶ್ನೆಗೆ ಮೂರು ಗೆರೆಗಿಂತ ಹೆಚ್ಚು ಜಾಗ ಕೊಡಬಾರದು.

ಕನ್ನಡ ಕೆಲಸ ಮಾಡುವುದು ಮೂರನೇ ಅಂಕಣದಲ್ಲಿ. ಇಂಗ್ಲಿಷಿನ ನಾಲ್ಕು ಆಯ್ಕೆಗಳೂ ಉದ್ದುದ್ದ, ನಾಲ್ಕೂ ಮರ್ಯಾದಸ್ಥ ವಾಕ್ಯಗಳೇ. ಯಾವುದನ್ನು ಓದಿದರೂ ‘ಇದೂ ಸರಿ’ ಎನಿಸುತ್ತದೆ. ಅವನ್ನು ಕನ್ನಡದ ಒಂದು ಪದಕ್ಕೆ ಇಳಿಸಿದಾಗ ಬಣ್ಣ ಬಯಲಾಗುತ್ತದೆ. ಉದಾಹರಣೆಗೆ, ಕೆಲಸದ ನಡುವೆ ಗ್ರಾಹಕರು ಒಂದು ಹೆಚ್ಚುವರಿ ಸೌಲಭ್ಯ ಕೇಳುತ್ತಾರೆ. ಆಯ್ಕೆಗಳು: ಸಣ್ಣದು ಎಂದು ಮಾಡಿಕೊಡುವುದು, ವ್ಯಾಪ್ತಿಯ ಹೊರಗೆ ಎಂದು ನಿರಾಕರಿಸುವುದು, ಪರಿಣಾಮ ಅಂದಾಜಿಸುವುದು, ಪ್ರಾಯೋಜಕರಿಗೆ ಒಯ್ಯುವುದು. ಪುಸ್ತಕದಲ್ಲಿ ಇಷ್ಟೇ: ಮಾಡು, ತಳ್ಳು, ತೂಗು, ಒಪ್ಪಿಸು. ಉತ್ತರ ‘ತೂಗು’. ಆದರೆ ಕಥೆಯಲ್ಲಿ ‘ಪರಿಣಾಮ ಅಂದಾಜಿಸಿ ಆಗಿದೆ’ ಎಂಬ ಅರ್ಧ ಸಾಲು ಅಡಗಿದ್ದರೆ ಉತ್ತರ ಮುಂದಕ್ಕೆ ಹೋಗುತ್ತದೆ: ಚೇಂಜ್ ರಿಕ್ವೆಸ್ಟ್ ಕೊಟ್ಟು, ಬದಲಾವಣೆಗಳನ್ನು ತೀರ್ಮಾನಿಸುವ ಸಮಿತಿ, ಅಂದರೆ ಚೇಂಜ್ ಕಂಟ್ರೋಲ್ ಬೋರ್ಡ್ ಮುಂದಿಡುವುದು. ಅದೇ ಪ್ರಶ್ನೆ ಅಜೈಲ್ ತಂಡದಲ್ಲಿ ಬಂದರೆ ಬೋರ್ಡೂ ಇಲ್ಲ, ಫಾರ್ಮೂ ಇಲ್ಲ. ಬೇಡಿಕೆ ಬ್ಯಾಕ್‌ಲಾಗ್‌ಗೆ (ಮಾಡಬೇಕಾದ ಕೆಲಸಗಳ ಪಟ್ಟಿಗೆ) ಹೋಗುತ್ತದೆ, ಅದರ ಸರದಿ ಪ್ರಾಡಕ್ಟ್ ಓನರ್ ಕೈಯಲ್ಲಿ. ಮೊದಲ ಅಂಕಣ ಬಿಟ್ಟು ನೇರ ಆಯ್ಕೆಗೆ ಹಾರಿದವರು ಎಡವುವುದು ಇಲ್ಲೇ.

ಕನ್ನಡದ ಇನ್ನೊಂದು ಉಪಕಾರ ‘ಬೇಕು’ ಮತ್ತು ‘ಬೇಕಿತ್ತು’. ಮ್ಯಾನೇಜರ್ ಏನು ಮಾಡಬೇಕು ಎಂಬುದು ಬೇರೆ, ಏನು ಮಾಡಬೇಕಿತ್ತು ಎಂಬುದು ಬೇರೆ. ಇಂಗ್ಲಿಷಿನಲ್ಲಿ ಓಡಿಸಿ ಓದುವಾಗ ‘ಶುಡ್ ಹ್ಯಾವ್ ಡನ್’ ನಡುವಿನ ‘ಹ್ಯಾವ್’ ಕಣ್ಣಿಗೆ ಬೀಳುವುದಿಲ್ಲ. ಎರಡನೇ ಅಂಕಣದಲ್ಲಿ ಕನ್ನಡದಲ್ಲಿ ಬರೆಯಲೇಬೇಕಾದಾಗ ತಪ್ಪಿಸಿಕೊಳ್ಳಲು ದಾರಿಯಿಲ್ಲ. ‘ಬೇಕಿತ್ತು’ ಎಂದಿದ್ದರೆ ಉತ್ತರ ಬಹುಪಾಲು ಹಿಂದೆ, ಯೋಜನೆಯ ಹಂತದಲ್ಲೇ ಇರುತ್ತದೆ: ಆಸಕ್ತರನ್ನು (ಸ್ಟೇಕ್‌ಹೋಲ್ಡರ್‌ಗಳನ್ನು) ಮೊದಲೇ ಗುರುತಿಸಬೇಕಿತ್ತು, ರಿಸ್ಕ್ ಪಟ್ಟಿಗೆ ಹಾಕಬೇಕಿತ್ತು, ತಂಡದ ನಿಯಮ ಕೂತು ಒಪ್ಪಿಕೊಳ್ಳಬೇಕಿತ್ತು.

ಕನ್ನಡ ಕೈಕೊಟ್ಟ ಕಡೆಯೂ ಇದೆ. ರಿಸ್ಕ್‌ಗೂ ಇಶ್ಯೂಗೂ ‘ಸಮಸ್ಯೆ’ ಎಂದೇ ಬರೆದು ಎರಡು ವಾರ ಕೆಡಿಸಿಕೊಂಡೆ. ಆಮೇಲೆ ‘ಬರಬಹುದು’, ‘ಬಂದಿದೆ’ ಎಂದು ಬೇರೆ ಮಾಡಿದೆ. ಬರಬಹುದಾದದ್ದಕ್ಕೆ ರಿಸ್ಕ್ ರಿಜಿಸ್ಟರ್, ಬಂದದ್ದಕ್ಕೆ ಇಶ್ಯೂ ಲಾಗ್. ಬಂದದ್ದು ಮೊದಲೇ ಪಟ್ಟಿಯಲ್ಲಿದ್ದರೆ ಬರೆದಿಟ್ಟ ಕ್ರಮ ಕೈಗೊಳ್ಳಿ, ಇಲ್ಲದಿದ್ದರೆ ವರ್ಕ್‌ಅರೌಂಡ್, ಅಂದರೆ ಆ ಹೊತ್ತಿನ ತಾತ್ಕಾಲಿಕ ದಾರಿ. ‘ಪರಿಶೀಲನೆ’ ಎಂಬ ಪದವನ್ನಂತೂ ಪೂರ್ತಿ ಕೈಬಿಟ್ಟೆ. ಕಂಟ್ರೋಲ್ ಕ್ವಾಲಿಟಿಯಲ್ಲಿ ನಾವು ಅಳೆದು ಸರಿಯಿದೆ ಎನ್ನುತ್ತೇವೆ, ವ್ಯಾಲಿಡೇಟ್ ಸ್ಕೋಪ್‌ನಲ್ಲಿ ಗ್ರಾಹಕರು ನೋಡಿ ಒಪ್ಪುತ್ತಾರೆ. ಎರಡಕ್ಕೂ ಒಂದೇ ಕನ್ನಡ ಪದ ಹಾಕಿದರೆ ಅಂಕ ಹೋಗುತ್ತದೆ. ಪಾರಿಭಾಷಿಕ ಪದವನ್ನು ಇಂಗ್ಲಿಷ್ ಪದವಾಗಿಯೇ ಇಡಿ, ಕ್ರಿಯಾಪದ ಮಾತ್ರ ಕನ್ನಡದ್ದಾಗಲಿ.

ನಾಲ್ಕನೇ ಅಂಕಣದ ಜಾತಿಗಳು ನಾಲ್ಕು: ಗೊತ್ತಿರಲಿಲ್ಲ, ಓದಿದ್ದೇ ತಪ್ಪು, ಸರಿಯಿದ್ದದ್ದನ್ನು ಬದಲಿಸಿದೆ, ಸೈಟಿನ ಬುದ್ಧಿ. ಲೆಕ್ಕ ಹಾಕುವ ಹೊತ್ತಿಗೆ ಒಟ್ಟು 1,400 ಪ್ರಶ್ನೆ ಮಾಡಿರಬಹುದು, ಪುಸ್ತಕಕ್ಕೆ ಬಂದವು 430ರಷ್ಟು. ಅದರಲ್ಲಿ ಗೊತ್ತಿಲ್ಲದ್ದು 80 ಮಾತ್ರ. ಓದಿದ್ದು ತಪ್ಪು 120, ಬದಲಿಸಿದ್ದು 40. ಉಳಿದ 190 ಸೈಟಿನ ಬುದ್ಧಿ! ಈ ಲೆಕ್ಕ ಕಂಡ ದಿನ ಹೊಸ ಪುಸ್ತಕ ಓದುವುದನ್ನೇ ನಿಲ್ಲಿಸಿದೆ.

ಸೈಟಿನ ಬುದ್ಧಿ ಎಂದರೆ ನಮ್ಮ ಕಡೆ ಕಾಮಗಾರಿ ನಡೆಯುವ ರೀತಿ. ಎಂಜಿನಿಯರ್ ಬಾಯಲ್ಲಿ ಹೇಳುತ್ತಾರೆ, ಮೇಸ್ತ್ರಿ ಮಾಡುತ್ತಾನೆ, ಕಾಗದ ಬಿಲ್ಲಿನ ಹೊತ್ತಿಗೆ ಹುಟ್ಟುತ್ತದೆ. ಪರೀಕ್ಷೆಯಲ್ಲಿ ಕಾಗದ ಮೊದಲು. ಸೈಟಿನಲ್ಲಿ ಇಬ್ಬರು ಜಗಳವಾಡಿದರೆ ದೊಡ್ಡವರು ಬಂದು ಗದರಿ ಮುಗಿಸುತ್ತಾರೆ. ಪರೀಕ್ಷೆಯಲ್ಲಿ ಇಬ್ಬರನ್ನೂ ಖಾಸಗಿಯಾಗಿ ಕೂರಿಸಿ ಕಾರಣ ಕೇಳಬೇಕು. ಸೈಟಿನಲ್ಲಿ ಕೆಲಸ ಬಾರದವನನ್ನು ಬದಲಿಸುತ್ತೇವೆ, ಅಲ್ಲಿ ಮೊದಲು ಕಲಿಸಬೇಕು. ಸೈಟಿನಲ್ಲಿ ತಡವಾದರೆ ಸಾಹೇಬರಿಗೆ ಫೋನ್ ಹೋಗುತ್ತದೆ. ಅಲ್ಲಿ ನಿಮ್ಮ ಕೈಲಾದದ್ದನ್ನು ಮಾಡದೆ ಪ್ರಾಯೋಜಕರ ಹತ್ತಿರ ಓಡುವ ಆಯ್ಕೆ ಬಹುತೇಕ ತಪ್ಪು. ನಡುವೆಯೇ ನಿಂತುಹೋದ ಕಾಮಗಾರಿಯಿಂದ ನಾವು ಸಾಮಾನು ಎತ್ತಿಕೊಂಡು ಬರುತ್ತೇವೆ. ಪರೀಕ್ಷೆಯಲ್ಲಿ ರದ್ದಾದ ಪ್ರಾಜೆಕ್ಟನ್ನೂ ಕ್ರಮವಾಗಿ ಮುಚ್ಚಬೇಕು: ಆದಷ್ಟು ಕೆಲಸ ಒಪ್ಪಿಸಿ, ನಿಂತ ಕಾರಣ ದಾಖಲಿಸಿ, ಕಲಿತದ್ದನ್ನು ಬರೆದಿಡಬೇಕು. ಹತ್ತು ಹನ್ನೆರಡು ವರ್ಷ ಫೀಲ್ಡಿನಲ್ಲಿದ್ದವರಿಗೆ ಹೊಸಬರಿಗಿಂತ ಈ ಪರೀಕ್ಷೆ ಕಷ್ಟವಾಗುವುದು ಇದರಿಂದಲೇ.

ಈ 190 ತಪ್ಪುಗಳನ್ನು ಅರೆದು 19 ಸಾಲು ಮಾಡಿಕೊಂಡೆ. ‘ಸರದಿ ಓನರ್‌ದು, ಅಳತೆ ತಂಡದ್ದು, ಅಡ್ಡಿ ತೆಗೆಯೋದು ಮಾಸ್ಟರ್‌ದು’ ಅವುಗಳಲ್ಲಿ ಒಂದು. ಮಾಸ್ಟರ್ ಎಂದರೆ ಅಜೈಲ್ ತಂಡದ ಸ್ಕ್ರಮ್ ಮಾಸ್ಟರ್, ಅಳತೆ ಎಂದರೆ ಕೆಲಸದ ಅಂದಾಜು. ಉಳಿದ 18 ಸಾಲು ನನ್ನ ಹತ್ತಿರವೇ ಇರಲಿ. ನಿಮ್ಮ ತಪ್ಪಿನಿಂದ ಹುಟ್ಟದ ಸಾಲು ನಿಮಗೆ ಅಂಟುವುದಿಲ್ಲ. ಎರಡು ಆಯ್ಕೆಗಳ ನಡುವೆ ಸಿಕ್ಕಿಬಿದ್ದಾಗ ನೋಡಲು ಎರಡು ದಾರಿ ಇಟ್ಟುಕೊಂಡಿದ್ದೇನೆ. ಒಂದನ್ನು ಹೇಳುತ್ತೇನೆ: ‘ಈ ಆಯ್ಕೆ ಒಂದನ್ನೇ ಮಾಡಿ ಮನೆಗೆ ಹೋದರೆ ತೊಂದರೆ ಮುಗಿಯುತ್ತದೆಯೇ’ ಎಂದು ಕೇಳಿಕೊಳ್ಳಿ. ‘ಮೊದಲು ಏನು’ ಎಂದು ಕೇಳಿದ್ದರೆ ಮಾತ್ರ ಈ ದಾರಿ ಹಿಡಿಯಬೇಡಿ, ಅಲ್ಲಿ ಕ್ರಮವೇ ಮುಖ್ಯ. ಇನ್ನೊಂದು ದಾರಿಯನ್ನು ಎದುರು ಕೂತಾಗಲೇ ಹೇಳಬೇಕು.

ಎರಡನೇ ಸುತ್ತಿಗೆ ಹಿಡಿದದ್ದು 11 ವಾರ. ದಿನಕ್ಕೆ ಒಂದೂವರೆ ಗಂಟೆ, ಬೆಳಗಿನ ಜಾವ ಮುಕ್ಕಾಲೈದರಿಂದ. 25 ಪ್ರಶ್ನೆಗೆ 32 ನಿಮಿಷ ಗಡಿಯಾರ ಇಟ್ಟು, ಉಳಿದ ಸುಮಾರು ಒಂದು ಗಂಟೆ ಪೂರ್ತಿ ತಪ್ಪು ಪುಸ್ತಕಕ್ಕೆ. ಬಿಡಿಸಲು ಒಂದು ಪಾಲು, ಬಿಡಿಸಿದ್ದನ್ನು ಅಗೆಯಲು ಎರಡು ಪಾಲು. ದಿನಕ್ಕೆ 60 ಪ್ರಶ್ನೆ ಮಾಡಿ ಅಂಕ ನೋಡಿ ಮಡಚಿಡುವವರು ತಿಂಗಳಾದರೂ ಅದೇ ಅಂಕದಲ್ಲಿ ನಿಂತಿರುತ್ತಾರೆ. ಸ್ಟಡಿ ಹಾಲ್‌ನಲ್ಲಿ ನನ್ನ ಅಂಕ 58ರಿಂದ 64ಕ್ಕೆ, ಆಮೇಲೆ 71, ಕೊನೆಗೆ 74. ಅಲ್ಲಿ ‘ಎಕ್ಸ್‌ಪರ್ಟ್’ ಎಂದು ಗುರುತಿಸಿದ ಪ್ರಶ್ನೆಗಳು ತಪ್ಪಾದರೆ ತಲೆ ಕೆಡಿಸಿಕೊಳ್ಳಬೇಡಿ, ಪುಸ್ತಕಕ್ಕೂ ತರಬೇಡಿ.

ಲೆಕ್ಕದ ಪ್ರಶ್ನೆಗಳು ಕೈಬೆರಳೆಣಿಕೆ. ಅದಕ್ಕೆ ಸೂತ್ರ ಉರು ಹೊಡೆಯುವ ಬದಲು ಒಂದು ಚರಂಡಿ ಕಾಮಗಾರಿ ಸಾಕು. 1,000 ಮೀಟರ್ ಚರಂಡಿ, ಮೀಟರಿಗೆ 4,000 ರೂಪಾಯಿ, ಐದು ತಿಂಗಳ ಕೆಲಸ, ತಿಂಗಳಿಗೆ 200 ಮೀಟರ್. ಒಟ್ಟು ಬಜೆಟ್, ಅಂದರೆ ಬಿಎಸಿ, 40 ಲಕ್ಷ. ಮೂರು ತಿಂಗಳಿಗೆ 600 ಮೀಟರ್ ಆಗಬೇಕಿತ್ತು, ಆಗಬೇಕಿದ್ದ ಕೆಲಸದ ಬೆಲೆ, ಅಂದರೆ ಪಿವಿ, 24 ಲಕ್ಷ. ಆದದ್ದು 500 ಮೀಟರ್, ಆದ ಕೆಲಸದ ಬೆಲೆ, ಅಂದರೆ ಇವಿ, 20 ಲಕ್ಷ. ಖರ್ಚು 25 ಲಕ್ಷ, ಅದೇ ಎಸಿ. 20ನ್ನು 25ರಿಂದ ಭಾಗಿಸಿದರೆ ಖರ್ಚಿನ ಸೂಚ್ಯಂಕ ಸಿಪಿಐ 0.8, 24ರಿಂದ ಭಾಗಿಸಿದರೆ ವೇಳಾಪಟ್ಟಿಯ ಸೂಚ್ಯಂಕ ಎಸ್‌ಪಿಐ 0.83. ಈಗ ಮೀಟರಿಗೆ 5,000 ಬೀಳುತ್ತಿದೆ. ಹೀಗೇ ನಡೆದರೆ 1,000 ಮೀಟರಿಗೆ 50 ಲಕ್ಷ, ಮುಗಿಯುವ ಹೊತ್ತಿನ ಖರ್ಚಿನ ಅಂದಾಜು, ಅದೇ ಇಎಸಿ. ಉಳಿದಿರುವುದು 500 ಮೀಟರ್, ದುಡ್ಡು 15 ಲಕ್ಷ, ಅಂದರೆ ಮೀಟರಿಗೆ 3,000ದಲ್ಲಿ ಮುಗಿಸಬೇಕು. 4,000ವನ್ನು 3,000ದಿಂದ ಭಾಗಿಸಿ, 1.33. ಉಳಿದ ದುಡ್ಡಿನಲ್ಲಿ ಮುಗಿಸಲು ಬೇಕಾದ ದಕ್ಷತೆ ಇದು, ಟಿಸಿಪಿಐ ಅದೇ. ಎಂ.ಬಿ. (ಅಳತೆ) ಪುಸ್ತಕ ಬರೆದು ಬಿಲ್ಲು ಮಾಡಿದವರು ಇದನ್ನು ಒಮ್ಮೆ ಮಾಡಿದರೆ ಸಾಕು, ಮರೆಯುವುದಿಲ್ಲ.

ನಡುನಡುವೆ ಬೇರೆ ಪ್ರಯೋಗಗಳನ್ನೂ ಮಾಡಿದೆ. ನನ್ನ ಸಾಲುಗಳನ್ನು ನನ್ನದೇ ದನಿಯಲ್ಲಿ 22 ನಿಮಿಷ ರೆಕಾರ್ಡ್ ಮಾಡಿ ದಾವಣಗೆರೆ–ಚಿತ್ರದುರ್ಗ ಬಸ್ಸಿನಲ್ಲಿ ಕೇಳಿದೆ. ಪದಗಳು ನೆನಪಿನಲ್ಲಿ ಕೂತವು, ಸನ್ನಿವೇಶದ ಪ್ರಶ್ನೆಗೆ ಒಂದಂಕವೂ ಹೆಚ್ಚಲಿಲ್ಲ. ಫ್ಲ್ಯಾಶ್ ಕಾರ್ಡ್ ನಾಲ್ಕು ದಿನಕ್ಕೆ ಬಿಟ್ಟೆ. ಫಲ ಕೊಟ್ಟದ್ದು ಭಾನುವಾರ ಕುಂದವಾಡ ಕೆರೆ ಏರಿಯ ಮೇಲೆ ಮೂವರು ನಡೆಯುತ್ತಾ ಮಾಡಿದ್ದು. ತಲಾ ಐದು ತಪ್ಪು ತರಬೇಕು, ಮೂಲ ಪ್ರಶ್ನೆ ಓದುವಂತಿಲ್ಲ. ‘ಆಗಿದ್ದು’, ‘ಕೇಳಿದ್ದು’ ಮತ್ತು ನಾಲ್ಕು ಕ್ರಿಯಾಪದ ಅಷ್ಟೇ ಹೇಳುವುದು. ಕೇಳಿದ ಇಬ್ಬರೂ ಸರಿಯುತ್ತರ ಹೇಳಿದರೆ ನಿಮ್ಮ ಇಳಿಸುವಿಕೆ ಸರಿಯಿದೆ. ಹೇಳದಿದ್ದರೆ ಮೊದಲ ಅಂಕಣದಲ್ಲಿ ಏನೋ ಬಿಟ್ಟಿದ್ದೀರಿ ಎಂದರ್ಥ. ಹದಿನೈದು ಪ್ರಶ್ನೆಗೆ ಒಂದು ಗಂಟೆ ಹಿಡಿಯುತ್ತದೆ, ಆಮೇಲೆ ಬೆಣ್ಣೆದೋಸೆ.

ಅರ್ಜಿಯಲ್ಲಿ ಎಚ್ಚರ ಬೇಕಾದದ್ದು ಇನಿಷಿಯಲ್. ನಮ್ಮ ಹೆಸರುಗಳಲ್ಲಿ ಊರು, ತಂದೆಯ ಹೆಸರು ಒಂದು ದಾಖಲೆಯಲ್ಲಿ ಅಕ್ಷರವಾಗಿ, ಇನ್ನೊಂದರಲ್ಲಿ ಪೂರ್ತಿಯಾಗಿ ಇರುತ್ತವೆ. ಗೇಟಿನಲ್ಲಿ ತೋರಿಸುವ ಗುರುತಿನ ಚೀಟಿಯಲ್ಲಿ ಹೇಗಿದೆಯೋ ಅರ್ಜಿಯಲ್ಲೂ ಹಾಗೇ ತುಂಬಿ. ಆಡಿಟ್ (ಅರ್ಜಿಯಲ್ಲಿ ಬರೆದದ್ದಕ್ಕೆ ದಾಖಲೆ ಕೇಳುವುದು) ಯಾರಿಗೆ ಬೇಕಾದರೂ ಬರಬಹುದು, ಅನುಭವಕ್ಕೆ ಸಹಿ ಹಾಕುವವರನ್ನು ಅರ್ಜಿಗೆ ಮೊದಲೇ ಮಾತಾಡಿಸಿಡಿ.

ಮನೆಯಿಂದಲೇ ಆನ್‌ಲೈನ್ ಬರೆಯಬಹುದು, ಆದರೆ ನಾನು ಬೆಂಗಳೂರಿನ ಕೇಂದ್ರವನ್ನೇ ಆರಿಸಿದೆ. ಯುಪಿಎಸ್ ಇದ್ದರೂ ಕರೆಂಟು ಹೋಗಿಬರುವಾಗ ಇಂಟರ್‌ನೆಟ್ ಕಡಿದರೆ ಆ ಗಾಬರಿಗೆ ಹತ್ತು ಪ್ರಶ್ನೆ ಬಲಿ. ಹಿಂದಿನ ದಿನವೇ ರೈಲು ಹಿಡಿದು ಹೋಗಿ, ರಾತ್ರಿ ಬಸ್ಸಿನಲ್ಲಿ ಹೋಗಿ ಬೆಳಿಗ್ಗೆ ಕೂರಬೇಡಿ. 2021ರ ಜನವರಿಯಿಂದ ಜಾರಿಯಾದ ಪರೀಕ್ಷಾ ರೂಪುರೇಷೆಯಲ್ಲಿ ನಾನು ಬರೆದದ್ದು: ಪೀಪಲ್ 42, ಪ್ರೊಸೆಸ್ 50, ಬಿಸಿನೆಸ್ ಎನ್ವಿರಾನ್‌ಮೆಂಟ್ ನೂರಕ್ಕೆ 8. ರೂಪುರೇಷೆ ಆಗಾಗ ಬದಲಾಗುತ್ತದೆ, ಶುಲ್ಕ ಕಟ್ಟುವ ಮುನ್ನ ಪಿಎಂಐ ಪುಟದಲ್ಲಿ ನೋಡಿಕೊಳ್ಳಿ. ನನಗಿದ್ದದ್ದು 180 ಪ್ರಶ್ನೆ, 230 ನಿಮಿಷ. 60 ಮತ್ತು 120ರ ನಂತರ ಹತ್ತತ್ತು ನಿಮಿಷದ ಬಿಡುವು, ಆಗ ಗಡಿಯಾರ ನಿಲ್ಲುತ್ತಿತ್ತು. ಬಿಡುವಿಗೆ ಎದ್ದರೆ ಹಿಂದಿನ 60ಕ್ಕೆ ಮರಳುವಂತಿರಲಿಲ್ಲ. ಮೊದಲ ಸಲ 120 ಮುಗಿದಾಗ ಉಳಿದದ್ದು 55 ನಿಮಿಷ, ಕೊನೆಯ ಪ್ರಶ್ನೆಗಳನ್ನು ಓದದೆಯೇ ಒತ್ತಿದೆ. ಎರಡನೇ ಸಲ ಎರಡೇ ಗುರುತು ಇಟ್ಟುಕೊಂಡೆ: 60 ಮುಗಿದಾಗ ಪರದೆಯಲ್ಲಿ 155 ನಿಮಿಷ ಉಳಿದಿರಬೇಕು, 120 ಮುಗಿದಾಗ 80. ಗುರುತಿಗಿಂತ ಹಿಂದೆ ಬಿದ್ದರೆ ಮುಂದಿನ ಹತ್ತು ಪ್ರಶ್ನೆಗಳಲ್ಲಿ ಕೊನೆಯ ಸಾಲನ್ನು ಮೊದಲು ಓದಿ, ಆಮೇಲೆ ಕಥೆ. ಬಿಡುವಿನಲ್ಲಿ ಎರಡು ಬಾಳೆಹಣ್ಣು, ಒಂದು ಗುಟುಕು ನೀರು.