ಮಾಲೆ ತೆಗೆದ ಮೇಲೆ ಮತ್ತೆ ಜಿಮ್‌ನ ಬಾರ್ ಹಿಡಿಯುವುದು ಹೇಗೆ?

ಸಂಕ್ರಾಂತಿ ಕಳೆದ ವಾರ ನಮ್ಮ ಜಿಮ್‌ಗೆ ಹಳೆಯ ಮುಖಗಳು ವಾಪಸ್ ಬರುತ್ತವೆ. ಅಯ್ಯಪ್ಪನ ಮಾಲೆ ಹಾಕಿ, 41 ದಿನ ವ್ರತ ಹಿಡಿದು, ಶಬರಿಮಲೆ ಹತ್ತಿ ಇಳಿದು ಬಂದ ಹುಡುಗರು. ಅವರಲ್ಲೊಬ್ಬ ಕನ್ನಡಿಯ ಮುಂದೆ ನಿಂತು ತೋಳು ಹಿಸುಕಿ ನೋಡಿಕೊಂಡ. “ಎಲ್ಲಾ ಇಳಿದುಹೋಯ್ತು ಸರ್. ಎರಡು ವರ್ಷ ಮಾಡಿದ್ದು ಹೊಳೇಲಿ ಹುಣಸೆಹಣ್ಣು ತೊಳೆದ ಹಾಗಾಯ್ತು” ಅಂದ. ಅಂದವನೇ ಹೋಗಿ, ಮಾಲೆ ಹಾಕುವ ಮುಂಚೆ ಎತ್ತುತ್ತಿದ್ದ 80 ಕೆ.ಜಿ.ಯನ್ನೇ ಸ್ಕ್ವಾಟ್ (ಭಾರ ಹೆಗಲ ಮೇಲಿಟ್ಟು ಕೂತು ಏಳುವುದು) ಮಾಡಲು ಬಾರ್‌ಗೆ ಹಾಕತೊಡಗಿದ. ಪ್ಲೇಟನ್ನು ಅವನ ಕೈಯಿಂದ ಇಸಿದುಕೊಂಡೆ.

ಅವನು ಹೇಳಿದ್ದೂ ತಪ್ಪು, ಮಾಡಹೊರಟಿದ್ದೂ ತಪ್ಪು. ಶಕ್ತಿ ಅವನು ಹೆದರಿದಷ್ಟು ಹೋಗಿರಲಿಲ್ಲ. ಮೈ ಅವನು ಅಂದುಕೊಂಡಷ್ಟು ಸಿದ್ಧವೂ ಇರಲಿಲ್ಲ. “ಇನ್ನು ಮೊದಲಿಂದ ಯಾರು ಶುರು ಮಾಡ್ತಾರೆ” ಎಂದು ಜಿಮ್ ಕಡೆ ತಲೆಯೇ ಹಾಕದವರನ್ನು ನೋಡಿದ್ದೇನೆ. ಮೊದಲ ದಿನವೇ ಸೊಂಟ ಹಿಡಿಸಿಕೊಂಡು ಮನೆಗೆ ಹೋದವರನ್ನೂ ನೋಡಿದ್ದೇನೆ. ವ್ರತವೇ ಆಗಬೇಕೆಂದಿಲ್ಲ. ಅಕ್ಕನ ಮದುವೆ, ಸೆಮಿಸ್ಟರ್ ಪರೀಕ್ಷೆ, ಅಡಿಕೆ ಕೊಯ್ಲು, ಯಾವ ಕಾರಣಕ್ಕೆ ಬಿಟ್ಟಿದ್ದರೂ ವಾಪಸ್ ಬರುವ ದಾರಿ ಒಂದೇ.

ಹಂತ 1: ಕನ್ನಡಿ ನೋಡಬೇಡಿ, ದಿನ ಎಣಿಸಿ

ಜಿಮ್ ಬಿಟ್ಟ ಒಂದೆರಡು ವಾರಕ್ಕೇ ತೋಳು ಸಣ್ಣಗಾದಂತೆ ಕಾಣುತ್ತದೆ. ಅದು ಸ್ನಾಯು ಕರಗಿದ್ದಲ್ಲ. ವ್ಯಾಯಾಮ ಮಾಡುವವರ ಸ್ನಾಯುಗಳು ಗ್ಲೈಕೋಜನ್ ಎಂಬ ಸಕ್ಕರೆಯ ದಾಸ್ತಾನನ್ನು ಹೆಚ್ಚು ಇಟ್ಟುಕೊಂಡಿರುತ್ತವೆ. ಅದರ ಪ್ರತಿ ಗ್ರಾಮಿನ ಜೊತೆ ಸುಮಾರು 3 ಗ್ರಾಂ ನೀರು ಅಂಟಿಕೊಂಡಿರುತ್ತದೆ. ವ್ಯಾಯಾಮ ನಿಂತಾಗ ದಾಸ್ತಾನು ಇಳಿಯುತ್ತದೆ, ನೀರೂ ಇಳಿಯುತ್ತದೆ. ಮತ್ತೆ ಶುರು ಮಾಡಿದರೆ ಬೇಗನೆ ತುಂಬಿಕೊಳ್ಳುತ್ತದೆ.

ಮೊದಲ ದಿನ ಏದುಸಿರು ಬರುವುದಕ್ಕೆ ಕಾರಣ ಬೇರೆ. ವ್ಯಾಯಾಮ ಬಿಟ್ಟ ಕೆಲವೇ ದಿನಗಳಲ್ಲಿ ರಕ್ತದ ದ್ರವಭಾಗ ಕಡಿಮೆಯಾಗುವುದರಿಂದ ದಮ್ಮು ಮೊದಲು ಹೋಗುತ್ತದೆ. ಶಕ್ತಿ ಅಷ್ಟು ಸುಲಭಕ್ಕೆ ಬಿಟ್ಟುಹೋಗುವುದಿಲ್ಲ. ಭಾರ ಎತ್ತುವುದರಲ್ಲಿ ಸ್ನಾಯುವಿನ ಗಾತ್ರದ ಜೊತೆಗೆ, ಆ ಸ್ನಾಯುವನ್ನು ಒಟ್ಟಿಗೆ ದುಡಿಸುವ ನರಗಳ ಪಾಲೂ ಇದೆ. ನರಗಳು ಕಲಿತದ್ದನ್ನು ಬೇಗ ಮರೆಯುವುದಿಲ್ಲ.

ಆದ್ದರಿಂದ ಬಿಟ್ಟು ಮೂರು ವಾರದೊಳಗಾಗಿದ್ದರೆ ಚಿಂತೆಯೇ ಬೇಡ. ಮೊದಲೆರಡು ದಿನ ಭಾರ ಸ್ವಲ್ಪ ಇಳಿಸಿ ಮುಂದುವರಿಯಿರಿ. ನಾಲ್ಕು ವಾರ ದಾಟಿದ್ದರೆ ಶಕ್ತಿ ನಿಧಾನಕ್ಕೆ ಇಳಿಯಲು ಶುರುವಾಗಿರುತ್ತದೆ, ಅಂಥವರಿಗೆ ಮುಂದಿನ ಹಂತಗಳು. ಡೆಂಗಿ, ಆಪರೇಷನ್, ಹೆರಿಗೆಯಾಗಿ ಬರುತ್ತಿರುವವರು ಮೊದಲು ವೈದ್ಯರನ್ನು ಕೇಳಿ, ಆಮೇಲೆ ಟ್ರೇನರ್ ಹತ್ತಿರ ಬನ್ನಿ. ಹಾಸಿಗೆ ಹಿಡಿಯುವುದೇ ಬೇರೆ, ಜಿಮ್ ಬಿಡುವುದೇ ಬೇರೆ. ಅಮೆರಿಕದಲ್ಲಿ ಆರೋಗ್ಯವಂತ ಹಿರಿಯರನ್ನು ಬರೀ 10 ದಿನ ಹಾಸಿಗೆಯಲ್ಲೇ ಇರಿಸಿ ಮಾಡಿದ ಅಧ್ಯಯನ 2007ರಲ್ಲಿ ಪ್ರಕಟವಾಯಿತು. ಕಾಲಿನಲ್ಲೇ ಹೆಚ್ಚುಕಡಿಮೆ 1 ಕೆ.ಜಿ. ಮಾಂಸಖಂಡ ಕಳೆದುಹೋಗಿತ್ತು.

ಹಂತ 2: ಹೆದರಿಕೆ ಇಳಿಸಿಕೊಳ್ಳಿ

ಇದನ್ನು ಹಂತ ಎಂದು ಬೇಕೆಂದೇ ಬರೆಯುತ್ತಿದ್ದೇನೆ. ಹೆದರಿಕೆ ಇದ್ದವನೇ ಮೊದಲ ದಿನ ಜಾಸ್ತಿ ಭಾರ ಹಾಕುವುದು.

ಜಪಾನಿನಲ್ಲಿ ಯುವಕರ ಎರಡು ಗುಂಪು ಮಾಡಿ 24 ವಾರ ಬೆಂಚ್ ಪ್ರೆಸ್ (ಬೆಂಚಿನ ಮೇಲೆ ಮಲಗಿ ಭಾರ ಮೇಲಕ್ಕೆತ್ತುವುದು) ಮಾಡಿಸಿದರು. ಒಂದು ಗುಂಪು ಬಿಡದೆ ಮಾಡಿತು. ಇನ್ನೊಂದು 6 ವಾರ ಮಾಡಿ 3 ವಾರ ಬಿಟ್ಟು, ಮತ್ತೆ 6 ವಾರ ಮಾಡಿ 3 ವಾರ ಬಿಟ್ಟು, ಕೊನೆಗೆ 6 ವಾರ ಮಾಡಿತು. 2013ರಲ್ಲಿ ಬಂದ ಫಲಿತಾಂಶದಲ್ಲಿ ಎರಡೂ ಗುಂಪಿನ ಶಕ್ತಿ, ಸ್ನಾಯುವಿನ ಗಾತ್ರ ಹೆಚ್ಚುಕಡಿಮೆ ಒಂದೇ. ಫಿನ್ಲೆಂಡಿನ ಯುವಾಸ್ಕುಲ ವಿಶ್ವವಿದ್ಯಾಲಯದವರು ಇನ್ನೂ ದೊಡ್ಡ ಬಿಡುವು ಕೊಟ್ಟು ನೋಡಿದರು: 10 ವಾರ ವ್ಯಾಯಾಮ, 10 ವಾರ ಪೂರ್ತಿ ರಜೆ, ಮತ್ತೆ 10 ವಾರ ವ್ಯಾಯಾಮ. 2024ರಲ್ಲಿ ಪ್ರಕಟವಾದ ಅವರ ವರದಿಯ ಪ್ರಕಾರ ರಜೆಯಲ್ಲಿ ಗಾತ್ರ ಇಳಿದಷ್ಟು ಶಕ್ತಿ ಇಳಿಯಲಿಲ್ಲ. ವಾಪಸ್ ಬಂದ ಐದೇ ವಾರದಲ್ಲಿ ಹಳೆಯ ಮಟ್ಟ ಮುಟ್ಟಿದರು. ಕೊನೆಯಲ್ಲಿ, 20 ವಾರ ಬಿಡದೆ ಮಾಡಿದವರಿಗೂ ಇವರಿಗೂ ಹೇಳಿಕೊಳ್ಳುವಂಥ ವ್ಯತ್ಯಾಸವಿರಲಿಲ್ಲ.

ಹೀಗೆ ಬೇಗ ಮರಳುವುದೇಕೆ? ಓಸ್ಲೊ ವಿಶ್ವವಿದ್ಯಾಲಯದವರು 2010ರಲ್ಲಿ ಇಲಿಗಳಲ್ಲಿ ಒಂದು ಸಂಗತಿ ತೋರಿಸಿದರು. ಸ್ನಾಯು ದಪ್ಪವಾಗುವಾಗ ಅದರ ಜೀವಕೋಶದೊಳಗೆ ಹೊಸ ಕೋಶಕೇಂದ್ರಗಳು (ನ್ಯೂಕ್ಲಿಯಸ್‌ಗಳು) ಸೇರಿಕೊಳ್ಳುತ್ತವೆ. ಸ್ನಾಯು ಸೊರಗಿದರೂ ಆ ಕೇಂದ್ರಗಳು ಉಳಿದಿದ್ದವು. ಮನೆ ಬಿದ್ದರೂ ಅಡಿಪಾಯ ಗಟ್ಟಿ ಇದ್ದ ಹಾಗೆ. ಮನುಷ್ಯರಲ್ಲೂ ಪೂರ್ತಿ ಹೀಗೇನಾ ಎಂಬ ಚರ್ಚೆ ವಿಜ್ಞಾನಿಗಳಲ್ಲಿ ಇನ್ನೂ ಮುಗಿದಿಲ್ಲ. ಒಮ್ಮೆ ಗಳಿಸಿದ್ದು ಎರಡನೇ ಸಲ ಬೇಗ ಬರುತ್ತದೆ ಎಂಬುದನ್ನಂತೂ ಪ್ರತಿ ವರ್ಷ ಕಣ್ಣಾರೆ ಕಾಣುತ್ತಿದ್ದೇನೆ.

ಹುಡುಗರಿಗೆ ನಾನು ವೇಟ್‌ಲಿಫ್ಟರ್ ಮೀರಾಬಾಯಿ ಚಾನು ಅವರ ಲೆಕ್ಕ ಹೇಳುತ್ತೇನೆ. 2018ರ ಏಪ್ರಿಲ್‌ನಲ್ಲಿ ಗೋಲ್ಡ್ ಕೋಸ್ಟ್ ಕಾಮನ್‌ವೆಲ್ತ್ ಗೇಮ್ಸ್‌ನಲ್ಲಿ, ಸ್ನ್ಯಾಚ್ ಮತ್ತು ಕ್ಲೀನ್ ಅಂಡ್ ಜರ್ಕ್ ಎಂಬ ಎರಡು ಬಗೆಯ ಎತ್ತುವಿಕೆ ಸೇರಿ ಒಟ್ಟು 196 ಕೆ.ಜಿ. ಎತ್ತಿ ಚಿನ್ನ ಗೆದ್ದರು. ಆಮೇಲೆ ಬೆನ್ನುನೋವು. ಆ ವರ್ಷದ ಏಷ್ಯನ್ ಗೇಮ್ಸ್‌ಗೆ ಹೋಗಲಾಗಲಿಲ್ಲ. 2019ರ ಫೆಬ್ರವರಿಯಲ್ಲಿ ಥಾಯ್ಲೆಂಡ್‌ನಲ್ಲಿ ಸ್ಪರ್ಧೆಗೆ ಮರಳಿದಾಗ ಎತ್ತಿದ್ದು ಒಟ್ಟು 192. ಹಳೆಯದಕ್ಕಿಂತ 4 ಕೆ.ಜಿ. ಕಡಿಮೆ, ಅಷ್ಟೆ. 2021ರ ಏಪ್ರಿಲ್‌ನಲ್ಲಿ ತಾಷ್ಕೆಂಟ್‌ನಲ್ಲಿ ಕ್ಲೀನ್ ಅಂಡ್ ಜರ್ಕ್ ಒಂದರಲ್ಲೇ 119 ಕೆ.ಜಿ. ಎತ್ತಿ ವಿಶ್ವದಾಖಲೆ ಬರೆದರು. ಅವರ ಜೊತೆ ತಜ್ಞರ ದಂಡೇ ಇತ್ತು, ನಿಜ. ಆದರೆ ಅವರೂ ಮೊದಲ ದಿನವೇ ಹಳೆಯ ಭಾರಕ್ಕೆ ಕೈ ಹಾಕಿ ಬಂದವರಲ್ಲ.

ಹಂತ 3: ಅರ್ಧದಿಂದ ಶುರು, ನಾಲ್ಕು ವಾರದ ಏಣಿ

ಹಳೆಯ ನೋಟ್‌ಬುಕ್ ತೆಗೆದು, ಬಿಡುವ ಮುನ್ನ ಯಾವ ವ್ಯಾಯಾಮಕ್ಕೆ ಎಷ್ಟು ಭಾರ, ಎಷ್ಟು ರೆಪ್ಸ್ (ನಿಲ್ಲಿಸದೆ ಎಷ್ಟು ಸಲ ಎತ್ತಿದ್ದು) ಇತ್ತು ನೋಡಿ. ಅಮೆರಿಕದ ಸ್ಟ್ರೆಂತ್ ಕೋಚ್‌ಗಳ ಎರಡು ಸಂಘಗಳು ಕಾಲೇಜು ಕ್ರೀಡಾಪಟುಗಳಿಗಾಗಿ 2019ರಲ್ಲಿ ಒಂದು ಸೂತ್ರ ಕೊಟ್ಟಿವೆ: ಬಿಡುವಿನ ನಂತರ ಮೊದಲ ವಾರ ಕಸರತ್ತಿನ ಪ್ರಮಾಣ 50 ಶೇಕಡ ಕಡಿತ, ಎರಡನೇ ವಾರ 30, ಮೂರನೇ ವಾರ 20, ನಾಲ್ಕನೇ ವಾರ 10. ನಾನು ಇದನ್ನೇ ಭಾರಕ್ಕೂ ಹಾಕುತ್ತೇನೆ.

80 ಕೆ.ಜಿ. ಸ್ಕ್ವಾಟ್ ಹುಡುಗನಿಗೆ ಹಾಕಿಕೊಟ್ಟ ಲೆಕ್ಕ ಇದು. ಮೊದಲ ವಾರ 40 ಕೆ.ಜಿ., ಅಂದರೆ 20 ಕೆ.ಜಿ. ಬಾರ್‌ಗೆ ಆಚೀಚೆ ಹತ್ತು ಹತ್ತು. ಎರಡೇ ಸೆಟ್ (ಸುತ್ತು), ಎಂಟೆಂಟು ರೆಪ್ಸ್. ಎರಡನೇ ವಾರ 55, ಮೂರನೇ ವಾರ 65, ನಾಲ್ಕನೇ ವಾರ 70ರ ಆಸುಪಾಸು. ಸೆಟ್ ಎರಡರಿಂದ ಮೂರಕ್ಕೆ ಏರುವುದು ಮೂರನೇ ವಾರ. ಪ್ರತಿ ಸೆಟ್ ಮುಗಿಸಿದಾಗಲೂ ಇನ್ನೂ ಮೂರು ರೆಪ್ಸ್ ಎತ್ತಬಲ್ಲೆ ಅನ್ನಿಸಬೇಕು. ವಾರಕ್ಕೆ ಮೂರು ದಿನ, ನಡುವೆ ಒಂದು ದಿನ ಬಿಡುವು.

40 ಕೆ.ಜಿ. ಹೂವಿನಂತೆ ಏರುತ್ತದೆ, “ಇನ್ನೊಂದಿಷ್ಟು ಹಾಕೋಣ ಸರ್” ಅನ್ನುತ್ತಾರೆ. ಬೇಡ. ನರ, ಸ್ನಾಯು ಎರಡೂ ಬೇಗ ಎಚ್ಚರಗೊಳ್ಳುತ್ತವೆ. ಸ್ನಾಯುವನ್ನು ಮೂಳೆಗೆ ಕಟ್ಟಿರುವ ಸ್ನಾಯುರಜ್ಜು ಅವುಗಳಷ್ಟು ಚುರುಕಲ್ಲ. ಮೊಣಕಾಲು, ಭುಜ, ಮೊಣಕೈ ನೋವು ಬರುವುದು ಈ ಅಂತರದಲ್ಲೇ.

ಹಂತ 4: ನೋವನ್ನು ಗುರುತಿಸಿ

ಮೊದಲ ವ್ಯಾಯಾಮದ ಮಾರನೇ ದಿನ, ಮೂರನೇ ದಿನ ಮೈಕೈ ನೋಯುವುದು ಸಹಜ. ಎರಡೂ ತೊಡೆ ಒಂದೇ ಸಮ ನೋಯುತ್ತಿದ್ದರೆ, ನಡೆದಾಡಿದಾಗ ಹಗುರವಾದರೆ, ಅದು ತಾನಾಗಿ ಹೋಗುತ್ತದೆ. ಒಂದೇ ಕೀಲಿನಲ್ಲಿ ಚುಚ್ಚುವ ನೋವಿದ್ದರೆ ಆ ವ್ಯಾಯಾಮ ಅಲ್ಲಿಗೇ ನಿಲ್ಲಿಸಿ.

ಒಂದು ಲಕ್ಷಣವನ್ನು ಮಾತ್ರ ಎಂದಿಗೂ ಕಡೆಗಣಿಸಬೇಡಿ. ವಿಪರೀತ ನೋವು, ಊತದ ಜೊತೆ ಮೂತ್ರ ಕಡು ಚಹಾದ ಬಣ್ಣಕ್ಕೆ ತಿರುಗಿದರೆ ಸ್ನಾಯು ಒಡೆದು ರಕ್ತಕ್ಕೆ ಸೇರುತ್ತಿದೆ ಎಂದರ್ಥ. ಮೂತ್ರಪಿಂಡಕ್ಕೆ ಅಪಾಯ. ನೀರು ಕುಡಿದು ಮಲಗಿದರಾಯಿತು ಎನ್ನದೆ ಅದೇ ಹೊತ್ತಿನಲ್ಲಿ ಆಸ್ಪತ್ರೆಗೆ ಹೋಗಿ. ದೀರ್ಘ ಬಿಡುವಿನ ನಂತರ ಮೊದಲ ದಿನವೇ ನೂರಾರು ಬಸ್ಕಿ ಹೊಡೆಯುವವರಿಗೆ ಇದು ಬರುವುದುಂಟು.

ಹಂತ 5: ಊಟ

ಭಾರ ಎತ್ತುವವರಿಗೆ ದೇಹತೂಕದ ಕೆ.ಜಿ.ಗೆ 1.6 ಗ್ರಾಂ ಪ್ರೋಟೀನ್ ಸಾಕು, 70 ಕೆ.ಜಿ. ಇದ್ದರೆ ದಿನಕ್ಕೆ ಸುಮಾರು 110 ಗ್ರಾಂ. ವ್ರತದಲ್ಲಿ ಮೊಟ್ಟೆ, ಮಾಂಸ ಇಲ್ಲದಿದ್ದರೂ ಹುರುಳಿಕಾಳು, ಹೆಸರುಕಾಳು, ಶೇಂಗಾ, ಹಾಲು, ಮೊಸರು ಹೆಚ್ಚಿಸಿಕೊಳ್ಳಬಹುದು. ಜಿಮ್ ಬಿಟ್ಟ ದಿನಗಳಲ್ಲೂ ಇದನ್ನು ಬಿಡಬೇಡಿ.

ಹಂತ 6: ಮುಂದಿನ ಸಲ ಬಿಡುವ ಮುನ್ನ

ಗಳಿಸುವುದಕ್ಕೆ ಬೇಕಾದ ದುಡಿಮೆಗಿಂತ ಉಳಿಸಿಕೊಳ್ಳುವುದಕ್ಕೆ ಬೇಕಾದದ್ದು ತೀರಾ ಕಡಿಮೆ. ಅಮೆರಿಕದ ಅಲಬಾಮಾದಲ್ಲಿ 16 ವಾರ ತರಬೇತಿ ಪಡೆದವರಲ್ಲಿ ಕೆಲವರಿಗೆ ಮುಂದಿನ 32 ವಾರ ಮೊದಲಿನ ಒಂಬತ್ತನೇ ಒಂದು ಪಾಲು ಮಾತ್ರ ಮಾಡಿಸಿದರು: ವಾರಕ್ಕೆ ಒಂದು ದಿನ, ಒಂದೊಂದೇ ಸೆಟ್. ಶಕ್ತಿ ಉಳಿಯಿತು. 60 ದಾಟಿದವರಲ್ಲಿ ಶಕ್ತಿ ಉಳಿದರೂ ಸ್ನಾಯುವಿನ ಗಾತ್ರ ಪೂರ್ತಿ ಉಳಿಯಲಿಲ್ಲ. ಹಾಗಾಗಿ ಮನೆಯ ಹಿರಿಯರಿಗೆ ಒಂದು ದಿನ ಸಾಲದು, ಎರಡಾದರೂ ಇರಲಿ.

ಜಿಮ್‌ಗೆ ಬರಲಾಗದವರಿಗೆ ಗರಡಿಮನೆಯ ದಂಡ, ಬಸ್ಕಿಗಳಿವೆ. ಮಾಲೆ ಹಾಕಿದ ಹುಡುಗರು ಬೆಳಗಿನ ತಣ್ಣೀರು ಸ್ನಾನಕ್ಕೆ ಮೊದಲು, ವಾರದಲ್ಲಿ ಎರಡು ಸಲ, ಇಪ್ಪತ್ತು ಇಪ್ಪತ್ತರಂತೆ ಮೂರು ಸುತ್ತು ಹೊಡೆದರೆ ಸಂಕ್ರಾಂತಿಯ ಮೇಲೆ ಏಣಿಯ ಮೊದಲ ಮೆಟ್ಟಿಲು ಇನ್ನಷ್ಟು ಮೇಲಿರುತ್ತದೆ.

ಆ ಹುಡುಗ ಐದನೇ ವಾರ ಬಾರ್‌ಗೆ 80 ಕೆ.ಜಿ. ಹಾಕಿ ಐದು ಸಲ ಕೂತು ಎದ್ದ. ಆರನೆಯದಕ್ಕೂ ಅವನಲ್ಲಿ ಉಸಿರಿತ್ತು. ಸಾಕು, ಇಡು ಎಂದೆ. ಇಟ್ಟು, ಬೆವರು ಒರೆಸಿಕೊಂಡು ನೋಟ್‌ಬುಕ್ ತೆಗೆದ.