ಮುತ್ಯಾನ ಪದಕದಿಂದ ಪಲ್ಟಣದ ದಿನಚರಿಗೆ

ಬೆಳಗಾವಿ ಸೀಮೆಯ ಕೆಲವು ಮನೆಗಳಲ್ಲಿ ಮುತ್ಯಾ ಮೊದಲ ಮಹಾಯುದ್ಧದಿಂದ ತಂದ ಬೆಳ್ಳಿಯ ಪದಕವೊಂದು ಬಟ್ಟೆಯಲ್ಲಿ ಸುತ್ತಿಕೊಂಡು ಹಳೆಯ ಟ್ರಂಕಿನ ತಳದಲ್ಲಿ ಇಂದಿಗೂ ಇದೆ. ಒಂದು ಬದಿಗೆ ಐದನೇ ಜಾರ್ಜ್ ದೊರೆಯ ಮುಖ, ಇನ್ನೊಂದು ಬದಿಗೆ ಕುದುರೆ ಸವಾರ, ಜೊತೆಗೆ 1914, 1918 ಎಂಬ ಇಸವಿಗಳು. ಮುತ್ಯಾ ಯಾವ ಪಲ್ಟಣದಲ್ಲಿದ್ದ, ಅದು ಎಲ್ಲೆಲ್ಲಿ ಹೋರಾಡಿತು ಎಂದು ಹಳೆಯ ದಾಖಲೆಗಳಲ್ಲಿ ಹುಡುಕಲು ಬೇಕಾದದ್ದು ಈ ಎರಡೂ ಮುಖಗಳಲ್ಲಿಲ್ಲ, ಅಂಚಿನಲ್ಲಿದೆ. ಭೂತಗನ್ನಡಿ ಹಿಡಿದು, ಪದಕವನ್ನು ಬೆಳಕಿಗೆ ಓರೆಯಾಗಿ ತಿರುಗಿಸುತ್ತ ಓದಿದರೆ ಸಿಪಾಯಿಯ ಸಂಖ್ಯೆ, ಹುದ್ದೆ, ಹೆಸರು ಮತ್ತು ಪಲ್ಟಣ, ಅಂದರೆ ಅವನಿದ್ದ ಸೇನಾ ತುಕಡಿ, ಕಾಣುತ್ತವೆ. ಅಕ್ಷರ ಬಿಡದೆ ಬರೆದುಕೊಳ್ಳಿ. ಹೊಳಪು ಬರಲೆಂದು ಹುಣಸೆಹಣ್ಣು ಹಚ್ಚಿ ಉಜ್ಜಬೇಡಿ. ಅಂಚಿನ ಬರಹ ಸವೆದರೆ ದಾರಿಯೇ ಮುಚ್ಚಿದಂತೆ.

ಹಳೆಯ ಸರ್ಕಾರಿ ದಾಖಲೆಗಳನ್ನು ಕಾಪಾಡುವ ಪತ್ರಾಗಾರಗಳು ಕಾಗದಪತ್ರಗಳನ್ನು ಅವು ಹುಟ್ಟಿದ ಇಲಾಖೆಯ ಕ್ರಮದಲ್ಲಿ ಜೋಡಿಸುತ್ತವೆಯೇ ಹೊರತು ಸಿಪಾಯಿಗಳ ಹೆಸರಿನ ಕ್ರಮದಲ್ಲಲ್ಲ. ಆದ್ದರಿಂದ ಮುತ್ಯಾನ ಹೆಸರಿಗಿಂತ ಪಲ್ಟಣದ ಹೆಸರನ್ನು ಹುಡುಕಬೇಕು, ಅದೂ ಆ ಕಾಲದ ಹೆಸರನ್ನು. ಇಂದು ಬೆಳಗಾವಿಯಲ್ಲಿ ಕೇಂದ್ರವಿರುವ ಮರಾಠಾ ಲಘು ಪದಾತಿ ದಳದ ಮೊದಲ ಬೆಟಾಲಿಯನ್ 1922ರ ಮರುಸಂಘಟನೆಗೆ ಮುಂಚೆ 103ನೇ ಪಲ್ಟಣವಾಗಿತ್ತು, ಐದನೆಯದು 117ನೆಯದಾಗಿತ್ತು. ಇಂಗ್ಲಿಷ್ ಕಾಗುಣಿತವೂ ಬೇರೆ: ‘ಮರಾಠಾ’ ಎಂಬುದನ್ನು ಎಂ, ಎ ಅಕ್ಷರಗಳ ಬೆನ್ನಿಗೇ ಎಚ್ ಹಾಕಿ, ಕೊನೆಗೆ ಎರಡು ಟಿ ಸೇರಿಸಿ ಬರೆಯುತ್ತಿದ್ದರು. ಊರಿನ ವಿಷಯದಲ್ಲೂ ಹೀಗೆಯೇ. ಸವದತ್ತಿಯವರು ಪರಸಗಡ ತಾಲ್ಲೂಕನ್ನೂ ಬೈಲಹೊಂಗಲದವರು ಸಂಪಗಾಂವ ತಾಲ್ಲೂಕನ್ನೂ ಹುಡುಕಬೇಕು. ಬಾಗಲಕೋಟೆ ಜಿಲ್ಲೆಯಾದದ್ದು 1997ರಲ್ಲಿ, ಅದಕ್ಕೂ ಮುಂಚೆ ಅದು ಬಿಜಾಪುರದ ಭಾಗ.

ಇಷ್ಟು ಸಿದ್ಧವಾದ ಮೇಲೆ ಲಂಡನ್ನಿನ ಕ್ಯೂ ಎಂಬಲ್ಲಿರುವ ಬ್ರಿಟನ್ನಿನ ರಾಷ್ಟ್ರೀಯ ಪತ್ರಾಗಾರದ ‘ಡಿಸ್ಕವರಿ’ ಎಂಬ ಅಂತರ್ಜಾಲ ಸೂಚಿಗೆ ಹೋಗಿ. ಅಲ್ಲಿ ‘ಡಬ್ಲ್ಯು.ಓ. 95’ (ಡಬ್ಲ್ಯು.ಓ. ಎಂದರೆ ವಾರ್ ಆಫೀಸ್, ಬ್ರಿಟನ್ನಿನ ಯುದ್ಧ ಇಲಾಖೆ) ಎಂಬ ಸರಣಿಯಲ್ಲಿ ಮೊದಲ ಮಹಾಯುದ್ಧದ ಪಲ್ಟಣಗಳ ದಿನಚರಿಗಳಿವೆ. ಫ್ರಾನ್ಸ್ ಮತ್ತು ಮೆಸೊಪೊಟೇಮಿಯಾ (ಇಂದಿನ ಇರಾಕ್) ರಂಗಗಳವು ಅನೇಕ ಸ್ಕ್ಯಾನ್ ಆಗಿವೆ. ಉಚಿತ ಖಾತೆ ತೆರೆದು ಲಾಗಿನ್ ಆದರೆ, ಇಂತಿಷ್ಟೇ ಎಂಬ ಮಿತಿಯೊಳಗೆ, ಹಣ ಕೊಡದೆ ಇಳಿಸಿಕೊಳ್ಳಬಹುದು.

ದಿನಚರಿಯ ಪುಟದಲ್ಲಿ ಸ್ಥಳ, ದಿನಾಂಕ ಮತ್ತು ವೇಳೆ, ಘಟನೆಗಳ ಸಾರಾಂಶ, ಷರಾ ಎಂಬ ಅಂಕಣಗಳಿರುತ್ತವೆ. ಓದುವಾಗ ಒಂದು ಬೇಸರ ಕಾದಿರುತ್ತದೆ: ಗಾಯಗೊಂಡ ಇಂಗ್ಲಿಷ್ ಅಧಿಕಾರಿಗೆ ಹೆಸರಿರುತ್ತದೆ, ನಮ್ಮವರು ಬಹುತೇಕ ‘ಐ.ಓ.ಆರ್.’ ಎಂಬ ಮೂರಕ್ಷರ ಮತ್ತು ಒಂದು ಅಂಕಿಯಾಗಿ ಉಳಿಯುತ್ತಾರೆ. ಭಾರತೀಯ ಸಾಮಾನ್ಯ ಸೈನಿಕರು ಎಂಬುದು ಅದರ ಅರ್ಥ. ಆದರೂ ಪಲ್ಟಣ ಯಾವ ದಿನ ಎಲ್ಲಿತ್ತು ಎಂಬುದು ಇಲ್ಲಿಯಷ್ಟು ಖಚಿತವಾಗಿ ಬೇರೆಲ್ಲೂ ಸಿಗದು. 103 ಮತ್ತು 117ನೇ ಪಲ್ಟಣಗಳವರು 1915ರ ಡಿಸೆಂಬರಿನಿಂದ 1916ರ ಏಪ್ರಿಲ್ 29ರ ಶರಣಾಗತಿಯವರೆಗೆ ಮೆಸೊಪೊಟೇಮಿಯಾದ ಕುತ್ ಪಟ್ಟಣಕ್ಕೆ ತುರ್ಕಿ ಸೇನೆ ಹಾಕಿದ ಮುತ್ತಿಗೆಯಲ್ಲಿ ಸಿಕ್ಕಿಬಿದ್ದಿದ್ದರು. ಅದೇ ರಂಗದ ಬಂದರಾದ ‘ಬಸರಾ’ದ ಹೆಸರನ್ನಷ್ಟೇ ಮನೆಯಲ್ಲಿ ಕೇಳಿದವರು ಆ ತಿಂಗಳುಗಳಿಂದ ಆರಂಭಿಸಬಹುದು.

ದೆಹಲಿಯ ರಾಷ್ಟ್ರೀಯ ಪತ್ರಾಗಾರದ ತಾಣ ‘ಅಭಿಲೇಖ ಪಟಲ’ದಲ್ಲಿ ನೇಮಕಾತಿ, ಪಿಂಚಣಿ, ಸೆನ್ಸಾರಿನಂಥ ಆಡಳಿತದ ಕಡತಗಳನ್ನು ನೋಡಬೇಕು. ಇಲ್ಲಿ ಹುಡುಕಾಟ ಮುಖ್ಯವಾಗಿ ಕಡತದ ಶೀರ್ಷಿಕೆಯಲ್ಲಿ ನಡೆಯುವುದರಿಂದ ಆ ಕಾಲದ ಗುಮಾಸ್ತ ಬಳಸಿರಬಹುದಾದ ಪದವನ್ನು ಊಹಿಸಿ, ಇಸವಿ ಮತ್ತು ಇಲಾಖೆಯಿಂದ ಪಟ್ಟಿಯನ್ನು ಕಿರಿದು ಮಾಡಿಕೊಳ್ಳಿ.

ಹೆಸರಿನಿಂದಲೇ ಹುಡುಕಬಹುದಾದ ಜಾಗಗಳೂ ಎರಡಿವೆ. ಯುದ್ಧದಲ್ಲಿ ಮಡಿದವರಾದರೆ ಕಾಮನ್‌ವೆಲ್ತ್ ಯುದ್ಧ ಸಮಾಧಿ ಆಯೋಗದ ತಾಣದಲ್ಲಿ ಬಹಳ ಸಲ ತಂದೆಯ ಹೆಸರು, ಹಳ್ಳಿ, ತಾಲ್ಲೂಕುಗಳೂ ಸಿಗುತ್ತವೆ. ಎರಡನೇ ಮಹಾಯುದ್ಧದ ಶೌರ್ಯ ಪ್ರಶಸ್ತಿಗಳಾದರೆ ಕ್ಯೂ ಪತ್ರಾಗಾರದ ‘ಡಬ್ಲ್ಯು.ಓ. 373’ ಸರಣಿಯನ್ನು ನೋಡಬೇಕು. 1944ರ ಜುಲೈ 10ರಂದು ಇಟಲಿಯಲ್ಲಿ ಮಡಿದು, ಬ್ರಿಟನ್ನಿನ ಅತ್ಯುನ್ನತ ಶೌರ್ಯ ಪದಕವಾದ ವಿಕ್ಟೋರಿಯಾ ಕ್ರಾಸ್ ಪಡೆದ ಮರಾಠಾ ದಳದ ನಾಯಕ್ ಯಶವಂತ ಘಾಡ್ಗೆಯವರ ಕಾಲದ ಪ್ರಶಸ್ತಿ ಶಿಫಾರಸು ಪತ್ರಗಳು ಈ ಸರಣಿಯಲ್ಲಿವೆ.

ಪುಟ ಇಳಿಸಿಕೊಂಡ ಕೂಡಲೇ ಕಡತದ ಹೆಸರಿನಲ್ಲೇ ಸರಣಿ ಸಂಖ್ಯೆ, ಪುಟ ಮತ್ತು ದಿನಾಂಕವನ್ನು ಸೇರಿಸಿ ಉಳಿಸಿ. ‘ಡೌನ್‌ಲೋಡ್ 7’ ಎಂದು ಉಳಿದ ಪುಟ ಯಾವ ಪಲ್ಟಣದ್ದೆಂದು ಮುಂದಿನ ತಿಂಗಳು ನಿಮಗೇ ತಿಳಿಯುವುದಿಲ್ಲ.