ಸ್ಮಾಲ್ ಬ್ಯಾಚ್ ಬರ್ಬನ್: ಮುಖಪಟ್ಟಿ ಓದಿ, ರುಚಿ ನೋಡಿ, ಬೆಲೆ ಕಟ್ಟುವ ಕ್ರಮ

ಅಮೆರಿಕದ ವಿಸ್ಕಿಯಾದ ಬರ್ಬನ್‌ನ ಬಾಟಲಿಯ ಮುಖಪಟ್ಟಿಯಲ್ಲಿ ‘ಸ್ಮಾಲ್ ಬ್ಯಾಚ್’ ಎಂದು ಅಚ್ಚಾಗಿದ್ದರೆ, ಆ ಎರಡು ಪದಗಳಿಗಾಗಿ ಒಂದು ರೂಪಾಯಿಯನ್ನೂ ಹೆಚ್ಚಿಗೆ ಕೊಡಬೇಕಾಗಿಲ್ಲ. ಆಯ್ದ ಕೆಲವೇ ಪೀಪಾಯಿಗಳನ್ನು ಬೆರೆಸಿ ತುಂಬಿದ ವಿಸ್ಕಿ ಎಂಬುದು ಅದರ ಇಂಗಿತವಾದರೂ, ಆ ಪೀಪಾಯಿಗಳು ಎಷ್ಟಿರಬೇಕೆಂದು ಅಮೆರಿಕದ ಕಾನೂನು ಹೇಳಿಲ್ಲ. ಹತ್ತು ಬೆರೆಸಿದವರೂ ಇನ್ನೂರು ಬೆರೆಸಿದವರೂ ಅದೇ ಮಾತನ್ನು ಬರೆದುಕೊಳ್ಳಬಹುದು. ಇದು ತಿಳಿಯದೆ ನಾನು ಹಿಂದೊಮ್ಮೆ ಬೆಂಗಳೂರಿನ ಅಂಗಡಿಯೊಂದರಲ್ಲಿ ಮರದ ಪೆಟ್ಟಿಗೆಯ ಚಂದಕ್ಕೆ ಮರುಳಾಗಿ ದುಬಾರಿ ಬಾಟಲಿಯೊಂದನ್ನು ಕೊಂಡು ತಿಪಟೂರಿಗೆ ತಂದಿದ್ದೆ. ವಿಸ್ಕಿ ಮುಗಿದು ಪೆಟ್ಟಿಗೆ ಮಾತ್ರ ಉಳಿದಿದೆ. ಅದರಲ್ಲೀಗ ಮನೆಯವರು ಸೂಜಿ ದಾರ ಇಡುತ್ತಾರೆ.

ಕಾನೂನು ಬಿಗಿಯಾಗಿ ಹೇಳಿರುವ ಸಂಗತಿಗಳು ಬೇರೆ ಇವೆ. ಬರ್ಬನ್ ಅಮೆರಿಕದಲ್ಲಿಯೇ ತಯಾರಾಗಬೇಕು. ಹುದುಗಿಸುವ ಧಾನ್ಯದಲ್ಲಿ ಕನಿಷ್ಠ ಶೇ 51ರಷ್ಟು ಮುಸುಕಿನ ಜೋಳವಿರಬೇಕು. ಒಳಮೈ ಸುಟ್ಟ ಹೊಸ ಓಕ್ ಪೀಪಾಯಿಯಲ್ಲಿ ಅದನ್ನು ಇಡಬೇಕು. ನೀರಿನ ಹೊರತು ಬಣ್ಣವನ್ನಾಗಲಿ ಪರಿಮಳವನ್ನಾಗಲಿ ಸೇರಿಸುವಂತಿಲ್ಲ. ಬಾಟಲಿಗೆ ತುಂಬುವಾಗ ಮದ್ಯಸಾರ ಶೇ 40ಕ್ಕಿಂತ ಕಡಿಮೆ ಇರಬಾರದು. ಆದ್ದರಿಂದ ಬಾಟಲಿ ಕೈಗೆ ಬಂದಾಗ ಮೊದಲು ‘ಸ್ಟ್ರೇಟ್’ ಎಂಬ ಪದವನ್ನು ಹುಡುಕಬೇಕು. ಅದಿದ್ದರೆ ವಿಸ್ಕಿ ಕನಿಷ್ಠ ಎರಡು ವರ್ಷ ಮಾಗಿದೆ ಎಂದರ್ಥ, ನಾಲ್ಕು ವರ್ಷ ತುಂಬಿಲ್ಲದಿದ್ದರೆ ವಯಸ್ಸನ್ನು ನಮೂದಿಸಲೇಬೇಕು. ನಮೂದಿಸಿದ ವಯಸ್ಸು ಮಿಶ್ರಣದಲ್ಲಿನ ಅತಿ ಎಳೆಯ ವಿಸ್ಕಿಯದು. ‘ಬಾಟಲ್ಡ್ ಇನ್ ಬಾಂಡ್’ ಎಂದಿದ್ದರೆ ಇನ್ನೂ ಒಳ್ಳೆಯದು: 1897ರ ಕಾಯ್ದೆಯಿಂದ ಬಂದ ಈ ಮಾತಿಗೆ ಒಂದೇ ಭಟ್ಟಿಯ, ಒಂದೇ ಹಂಗಾಮಿನ, ನಾಲ್ಕು ವರ್ಷಕ್ಕೆ ಕಡಿಮೆಯಿಲ್ಲದೆ ಮಾಗಿದ, ಶೇ 50 ಮದ್ಯಸಾರದ ವಿಸ್ಕಿ ಎಂಬ ಖಚಿತ ಅರ್ಥವಿದೆ. ಹಿಂಬದಿಯ ಸಣ್ಣಕ್ಷರಗಳಲ್ಲಿ ‘ಡಿಸ್ಟಿಲ್ಡ್ ಬೈ’ (ಭಟ್ಟಿ ಇಳಿಸಿದವರು) ಎಂದಿದೆಯೋ ಬರೀ ‘ಬಾಟಲ್ಡ್ ಬೈ’ (ಬಾಟಲಿಗೆ ತುಂಬಿದವರು) ಎಂದಿದೆಯೋ ನೋಡಿಕೊಳ್ಳಿ. ಇಂಡಿಯಾನಾ ರಾಜ್ಯದ ಲಾರೆನ್ಸ್‌ಬರ್ಗ್‌ನಲ್ಲಿರುವ ದೊಡ್ಡ ಭಟ್ಟಿಯೊಂದರಿಂದ ವಿಸ್ಕಿ ಕೊಂಡು ತಮ್ಮ ಹೆಸರು ಹಚ್ಚುವವರು ಬಹಳ ಮಂದಿ. ಕೊಂಡು ತಂದದ್ದೆಲ್ಲ ಕಳಪೆಯೇನಲ್ಲ, ಆದರೆ ಮುತ್ತಾತನ ಗುಟ್ಟಿನ ಪಾಕದ ಕಥೆಗೆ ಆಗ ಹಣ ಕೊಡಬೇಕಾಗಿಲ್ಲ.

ರುಚಿ ನೋಡುವುದನ್ನು ಊಟಕ್ಕೆ ಮುಂಚೆ, ಒಗ್ಗರಣೆಯ ಘಾಟಾಗಲಿ ಊದುಬತ್ತಿಯ ಹೊಗೆಯಾಗಲಿ ಇಲ್ಲದ ಹೊತ್ತಿಗೆ ಇಟ್ಟುಕೊಳ್ಳಬೇಕು. ಬುಡ ಅಗಲವಾಗಿ ಬಾಯಿ ಕಿರಿದಾದ ಗಾಜಿನ ಲೋಟಕ್ಕೆ 20 ಮಿಲಿ ಸಾಕು. ಐಸ್ ಬೇಡ. ಖಾರದ ಕಡಲೆಬೀಜವಂತೂ ಬೇಡವೇ ಬೇಡ. ನಡುವೆ ನಾಲಿಗೆ ತೊಳೆಯಲು ಉಪ್ಪು ಖಾರ ಸೋಕದ ಪುರಿ ಎರಡು ಹಿಡಿ ಇದ್ದರಾಯಿತು.

ಸುರಿದ ಹತ್ತು ನಿಮಿಷದ ಬಳಿಕ ಮೂಸಿ ನೋಡಿ. ಮೂಗನ್ನು ಲೋಟದೊಳಗೆ ಇಳಿಸದೆ, ಬಾಯನ್ನು ತುಸು ತೆರೆದುಕೊಂಡು, ಅಂಚಿನಿಂದ ಎರಡು ಬೆರಳಿನಷ್ಟು ದೂರದಲ್ಲಿ ಮೆಲ್ಲಗೆ ಉಸಿರೆಳೆದುಕೊಳ್ಳಬೇಕು. ಅಮೆರಿಕದವರು ಇಲ್ಲಿ ಮೇಪಲ್ ಪಾನಕ, ಪೀಕನ್ ಬೀಜ ಎಂದೆಲ್ಲ ಬರೆಯುತ್ತಾರೆ. ಅವನ್ನು ಮೂಸಿಯೇ ಇಲ್ಲದ ನಾವು ಅದನ್ನು ಒಪ್ಪಿಸುವುದು ವ್ಯರ್ಥ. ತುಮಕೂರು ಜಿಲ್ಲೆಯವರಿಗೆ ಒಂದು ಅನುಕೂಲವಿದೆ. ಅಮೆರಿಕದ ಬಿಳಿ ಓಕ್ ಮರದಲ್ಲಿ ತೆಂಗಿನಕಾಯಿಯ ವಾಸನೆ ಕೊಡುವ ಲ್ಯಾಕ್ಟೋನ್ ಎಂಬ ಪದಾರ್ಥವಿದ್ದು, ಅದು ವಿಸ್ಕಿಗೆ ಇಳಿಯುತ್ತದೆ. ಹತ್ತು ಹನ್ನೊಂದು ತಿಂಗಳು ಅಟ್ಟದ ಮೇಲೆ ಒಣಗಿ, ಅಲ್ಲಾಡಿಸಿದರೆ ಒಳಗೆ ಗುಡುಗುಡು ಎನ್ನುವ ಕಾಯಿಯನ್ನು ಒಡೆದಾಗ ಮೊದಲು ಬರುವ ಉಂಡೆಕೊಬ್ಬರಿಯ ಸಿಹಿಗಂಪು ಒಳ್ಳೆಯ ಬರ್ಬನ್‌ನಲ್ಲಿ ಹಾಗೆಯೇ ಸಿಗುತ್ತದೆ, ಅದನ್ನು ನಮಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಅದರ ಹಿಂದೆ ವೆನಿಲ್ಲಾ, ಆಲೆಮನೆಯ ಕೊಪ್ಪರಿಗೆಯ ಪಾಕ, ಲವಂಗ ಬರುತ್ತವೆ. ಇವೆಲ್ಲ ಸುಟ್ಟ ಮರದ ಕೊಡುಗೆ. ಉಗುರುಬಣ್ಣದ ಘಾಟು ಹತ್ತು ನಿಮಿಷದ ಮೇಲೂ ಇಳಿಯದಿದ್ದರೆ, ಅಥವಾ ಗರಗಸದ ಮಿಲ್ಲಿನ ಹಸಿ ಹೊಟ್ಟಿನ ವಾಸನೆಯೇ ಮುಂದಾಗಿದ್ದರೆ, ವಿಸ್ಕಿ ಇನ್ನೂ ಎಳೆಯದೆಂದು ತಿಳಿಯಬಹುದು.

ಮೊದಲ ಗುಟುಕು ಬಾಯನ್ನು ಒಗ್ಗಿಸುವುದಕ್ಕೆ ಮಾತ್ರ. ಎರಡನೆಯದನ್ನು ನಾಲಿಗೆಯ ಮೇಲೆ ಹತ್ತು ಎಣಿಸುವಷ್ಟು ಹೊತ್ತು ಆಡಿಸಿ ನುಂಗಿ, ರುಚಿ ಎಷ್ಟು ಹೊತ್ತು ನಿಲ್ಲುತ್ತದೆಂದು ಗಮನಿಸಿ. ಜೋಳದ ಜೊತೆಗೆ ರೈ ಧಾನ್ಯ ಹೆಚ್ಚಿದ್ದರೆ ಮೆಣಸಿನ ಚುರುಕು, ಗೋಧಿ ಇದ್ದರೆ ಮೃದುತನ ಕಾಣುತ್ತದೆ. ಎಳೆ ಅಡಿಕೆ ಜಗಿದಂಥ ಒಗರು ಹಲ್ಲಿಗೆ ಹಿಡಿದರೆ ಪೀಪಾಯಿಯಲ್ಲಿ ಅತಿಯಾಗಿ ಉಳಿದ ವಿಸ್ಕಿ ಅದು: ಪ್ರತಿ ಸಲವೂ ಹೊಸ ಮರ, ಜೊತೆಗೆ ಬರ್ಬನ್ ಹೆಚ್ಚಾಗಿ ತಯಾರಾಗುವ ಕೆಂಟಕಿ ರಾಜ್ಯದ ಬೇಸಿಗೆ ಇರುವುದರಿಂದ, ವಯಸ್ಸಿನೊಡನೆ ಬೆಲೆ ಏರುತ್ತ ಹೋದರೂ ರುಚಿ ಏರುತ್ತ ಹೋಗುವುದಿಲ್ಲ. ಕೊನೆಗೆ ನಾಲ್ಕೈದು ಹನಿ ನೀರು ಬೆರೆಸಿ ಮತ್ತೆ ಮೂಸಿ. ನಮ್ಮ ಕೊಳವೆಬಾವಿಯ ಗಡಸು ನೀರನ್ನಲ್ಲ, ಶುದ್ಧೀಕರಿಸಿದ ನೀರನ್ನು ಬಳಸಬೇಕು.

ಬೆಲೆಯ ವಿಚಾರದಲ್ಲಿ ಅಮೆರಿಕದ ದರವನ್ನು ಇಲ್ಲಿನದಕ್ಕೆ ಹೋಲಿಸಿ ಕೊರಗುವುದರಲ್ಲಿ ಅರ್ಥವಿಲ್ಲ. 2025ರ ಫೆಬ್ರುವರಿಯಲ್ಲಿ ಕೇಂದ್ರ ಸರ್ಕಾರ ಬರ್ಬನ್ ಮೇಲಿನ ಆಮದು ಸುಂಕವನ್ನು ಶೇ 150ರಿಂದ 100ಕ್ಕೆ ಇಳಿಸಿತಾದರೂ, ಅದರ ಮೇಲೆ ರಾಜ್ಯದ ಅಬಕಾರಿ ತೆರಿಗೆ ಇದ್ದೇ ಇದೆ. ಒಂದೇ ಅಂಗಡಿಯ ಒಂದೇ ಕಪಾಟಿನ ಬಾಟಲಿಗಳನ್ನು ಪರಸ್ಪರ ಹೋಲಿಸಬೇಕು, ಹೋಲಿಸುವಾಗ ಮದ್ಯಸಾರದ ಪ್ರಮಾಣವನ್ನು ಮರೆಯಬಾರದು: ಶೇ 50ರ 750 ಮಿಲಿ ಬಾಟಲಿಗೆ ನೀರು ಬೆರೆಸಿ ಶೇ 40ಕ್ಕೆ ಇಳಿಸಿದರೆ ಸುಮಾರು 937 ಮಿಲಿ ಆಗುತ್ತದೆ, ಅಂದರೆ ಕಾಲುಪಾಲು ಹೆಚ್ಚು ಬೆಲೆ ಕೊಟ್ಟರೂ ನಷ್ಟವಿಲ್ಲ.

ಇಷ್ಟಾದ ಮೇಲೆ ಹೆಸರು ನೋಡದೆ ಬೆಲೆ ಕಟ್ಟಬೇಕು. ಮೂರು ಬಗೆಯನ್ನು ಬೇರೊಬ್ಬರು ಒಂದೇ ಥರದ ಲೋಟಗಳಿಗೆ ಸುರಿದು ತಳಕ್ಕೆ ಗುರುತಿನ ಚೀಟಿ ಅಂಟಿಸಲಿ. ನೀವು ಪ್ರತಿಯೊಂದಕ್ಕೂ ಎಷ್ಟು ಕೊಡಬಹುದೆಂದು ಕಾಗದದ ಮೇಲೆ ಬರೆಯಿರಿ. ನಮ್ಮ ಮನೆಯಲ್ಲಿ ಈ ಕೆಲಸ ಭಾವನವರದು. “ಭಾವ, ಎರಡನೆಯದಕ್ಕೆ ಇನ್ನೂ ಒಂದು ಸಾವಿರ ಹೆಚ್ಚಿಗೆ ಕೊಡಬಹುದು” ಎಂದೆ. ಅವರು ಲೋಟ ಎತ್ತಿ ತಳ ತೋರಿಸಿ, “ಮೂರರಲ್ಲಿ ಅಗ್ಗದ್ದು ಇದೇ ಕಣಯ್ಯ” ಎಂದರು. ಖಾಲಿ ಲೋಟಗಳನ್ನು ತೊಳೆಯದೆ, ಮೇಲೊಂದು ತಟ್ಟೆ ಮುಚ್ಚಿ, ಬೆಳಿಗ್ಗೆ ಮತ್ತೊಮ್ಮೆ ಮೂಸಿ ನೋಡುವುದು ನನ್ನ ಪದ್ಧತಿ. ಆಗಲೂ ಬೆಲ್ಲ, ಮರದ ಕಂಪು ಉಳಿದಿದ್ದರೆ ಆ ಬಾಟಲಿಯನ್ನು ಎರಡನೆಯ ಸಲ ಕೊಳ್ಳುತ್ತೇನೆ.

ಬಾಟಲಿಯನ್ನು ಬಿಸಿಲು ತಾಗದ ಕಡೆ ನೆಟ್ಟಗೆ ನಿಲ್ಲಿಸಿಡಬೇಕು. ಮಲಗಿಸಿದರೆ ಮದ್ಯಸಾರ ಬಿರಡೆಯನ್ನು ಕೆಡಿಸುತ್ತದೆ. ಅರ್ಧಕ್ಕಿಂತ ಕೆಳಗಿಳಿದದ್ದನ್ನು ಚಿಕ್ಕ ಶೀಶೆಗೆ ಬಗ್ಗಿಸಿಟ್ಟುಕೊಳ್ಳುವುದು ಮೇಲು. ಕಾಯಿಯಂತೆ ಇದೂ ಮಾಗಲೆಂದು ಅಟ್ಟಕ್ಕೆ ಏರಿಸಬೇಡಿ, ಗಾಜಿನೊಳಗೆ ಸೇರಿದ ಮೇಲೆ ವಿಸ್ಕಿ ಮಾಗುವುದಿಲ್ಲ.